ಗೋಲ್‌ಕೀಪರನ ದುಃಖವೂ ಕೀರ್ತಿಯೂ

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ವೀರಗಲ್ಲು ಅಪರಿಚಿತವಾದುದಲ್ಲ. ಊರ ತುರುಗಳನ್ನು ಕಾಯುವುದಕ್ಕಾಗಿ ಹೋರಾಡಿ ಮಡಿದವನಿಗೆ ಹಿಂದಿನವರು ಕಲ್ಲನ್ನು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಇಷ್ಟರಿಂದ ಅಳಿದವನ ಕೀರ್ತಿಯು ಸ್ಥಿರವಾಯಿತು. ಆದರೆ ಅದೇ ಕಾಳಗದಿಂದ ಬದುಕಿ ಮನೆಗೆ ಮರಳಿದವನಿಗೆ ಯಾವ ಕಲ್ಲೂ ಇಲ್ಲ. ಕಣ್ಣೆದುರು ಜೊತೆಗಾರನು ಬಿದ್ದುದನ್ನು ನೆನೆನೆನೆದು ಅವನು ಹೇಗೆ ಬಾಳಿದನೋ, ಮತ್ತೆ ಕೈಯಲ್ಲಿ ಆಯುಧವನ್ನು ಹೇಗೆ ಹಿಡಿದನೋ, ಅದನ್ನು ಯಾರೂ ಕೆತ್ತಿಸಲಿಲ್ಲ. ದೊಡ್ಡಉಳ್ಳಾರ್ತಿಯ ನನ್ನ ಮನೆಯ ಜಗಲಿಯಲ್ಲಿ ಕುಳಿತು ಈ ವಿಚಾರವನ್ನು ಚಿಂತಿಸುವಾಗಲೆಲ್ಲ ನನಗೆ ನೆನಪಾಗುವುದು ಪುರಾತನ ಕಾಳಗವಲ್ಲ. ಬೆಂಗಳೂರಿನಲ್ಲಿ ೨೦೦೪ನೆಯ ಇಸವಿಯಲ್ಲಿ ನಡೆದ ಒಂದು ಕಾಲ್ಚೆಂಡಿನ ಪಂದ್ಯ. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಫುಟ್‌ಬಾಲ್ ಆಟವು ನಮ್ಮ ನಾಡಿಗೆ ಹೊಸದೆಂದು ಭಾವಿಸಬಾರದು. ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಮೈಸೂರು ಸಂಸ್ಥಾನದ ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದ ಕೀರ್ತಿಗೆ ಪಾತ್ರವಾಯಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ದೇಶದ ಎದುರು ಸ್ವತಂತ್ರ ಭಾರತದ ಪರವಾಗಿ ಗೋಲು ಹೊಡೆದ ಎಸ್. ರಾಮನ್ ಅವರೂ, ಅದೇ ತಂಡದಲ್ಲಿ ಆಡಿದ ಅಹ್ಮದ್ ಖಾನ್ ಅವರೂ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರೇ. ಇಂಥ ಪರಂಪರೆಯುಳ್ಳ ನಗರದ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ೨೦೦೪ನೆಯ ಡಿಸೆಂಬರ್ ೫ರಂದು ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯವು ನಡೆಯಿತು. ಒಂದು ಕಡೆ ಗೋವೆಯ ಡೆಂಪೊ ತಂಡ. ಇನ್ನೊಂದು ಕಡೆ ಕಲಕತ್ತೆಯ ಮೋಹನ್ ಬಗಾನ್.

ಡೆಂಪೊ ತಂಡದ ಮುಂಚೂಣಿಯಲ್ಲಿದ್ದವನು ಬ್ರೆಜಿಲ್ ದೇಶದ ಕ್ರಿಸ್ಟಿಯಾನೊ ಜೂನಿಯರ್. ಹಿಂದಿನ ಋತುವಿನಲ್ಲಿ ಈಸ್ಟ್ ಬೆಂಗಾಲ್ ತಂಡದ ಪರವಾಗಿ ಗೋಲುಗಳ ಮೇಲೆ ಗೋಲು ಹೊಡೆದು, ಆ ತಂಡಕ್ಕೆ ರಾಷ್ಟ್ರೀಯ ಲೀಗನ್ನು ಗೆಲ್ಲಿಸಿಕೊಟ್ಟವರಲ್ಲಿ ಈತನು ಅಗ್ರಗಣ್ಯ. ಮೋಹನ್ ಬಗಾನ್ ತಂಡದ ಗೋಲನ್ನು ಕಾಯುತ್ತಿದ್ದವನು ಸುಬ್ರತ ಪಾಲ್. ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು ಆಗತಾನೇ ಹೊರಬಂದ ತರುಣ. ಹದಿನೆಂಟು ತುಂಬುವುದಕ್ಕೆ ಅವನಿಗೆ ಇನ್ನೂ ೧೯ ದಿನಗಳಿದ್ದುವು.

ಜೂನಿಯರನು ಮೊದಲನೆಯ ಗೋಲನ್ನು ಹೊಡೆದನು. ೭೮ನೆಯ ನಿಮಿಷದಲ್ಲಿ ಚೆಂಡನ್ನು ಅಟ್ಟಿಸಿಕೊಂಡು ಮತ್ತೆ ನುಗ್ಗಿ ಬಂದನು. ತಡೆಯಬೇಕೆಂದು ಪಾಲನು ಮುಂದಕ್ಕೆ ಹಾರಿದನು. ಚೆಂಡು ಬಲೆಯನ್ನು ಸೇರಿತು. ದೇಹಗಳೆರಡು ಡಿಕ್ಕಿ ಹೊಡೆದುವು. ಜೂನಿಯರನು ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಹೃದಯಕ್ರಿಯೆಯು ನಿಂತುಹೋಗಿ ಆ ಯುವಕನು ಗತಪ್ರಾಣನಾದನು. ಡೆಂಪೊ ೨-೦ರಿಂದ ಗೆದ್ದಿತು. ಆದರೆ ಗೆದ್ದವರ ಮನೆಯಲ್ಲಿಯೇ ಸೂತಕ. ಅವನು ತೊಡುತ್ತಿದ್ದ ಹತ್ತನೆಯ ಅಂಕೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಡೆಂಪೊ ತಂಡವು ಕಾದಿರಿಸಿತು. ಇದು ಈ ಕಾಲದ ವೀರಗಲ್ಲೆಂದೇ ತಿಳಿಯಬಹುದು. ಮೈದಾನದಲ್ಲಿ ತತ್‌ಕ್ಷಣ ದೊರೆಯಬೇಕಾದ ವೈದ್ಯಸಹಾಯದ ಕೊರತೆಯನ್ನು ಕುರಿತು ದೇಶದಲ್ಲೆಲ್ಲ ಮಾತು ಎದ್ದಿತು.

ಅಳಿದವನಿಗೆ ಗೌರವವು ಸಂದಿತು. ಉಳಿದವನಿಗೆ ಸಂದದ್ದೇನು? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಪಾಲನನ್ನು ಎರಡು ತಿಂಗಳ ಕಾಲ ಆಟದಿಂದ ದೂರವಿರಿಸಿತು. ಈ ಶಿಕ್ಷೆಗೆ ಕೊನೆಯ ದಿನವಿತ್ತು. ಜನರ ಮಾತಿಗೆ ಕೊನೆಯ ದಿನವಿರಲಿಲ್ಲ. ಚಿತ್ರಪಟದಲ್ಲಿ ಆ ಡಿಕ್ಕಿಯನ್ನು ಮತ್ತೆ ಮತ್ತೆ ನೋಡಿದವರು ಬೇಕೆಂದೇ ಹೊಡೆದನೆಂದೂ, ಅಲ್ಲವೆಂದೂ ವಾದಿಸಿದರು. ನಮ್ಮ ಧರ್ಮಶಾಸ್ತ್ರಕಾರರು ಪ್ರಾಯಶ್ಚಿತ್ತವನ್ನು ವಿಧಿಸುವಾಗ ಕಾಮಕೃತವಾದುದನ್ನೂ ಅಕಾಮಕೃತವಾದುದನ್ನೂ ಬೇರೆ ಬೇರೆಯಾಗಿ ಎಣಿಸಿರುವರು. ಇಚ್ಛೆಯಿಲ್ಲದೆ ಆದುದಕ್ಕೆ ಇಚ್ಛೆಯಿಂದ ಮಾಡಿದುದರ ಹೊರೆಯನ್ನು ಹೊರಿಸಬಾರದೆಂಬುದೇ ಅದರ ತಾತ್ಪರ್ಯ. ಗೋಲ್‌ಕೀಪರನು ಮುಂದಕ್ಕೆ ಹಾರುವುದು ಅವನ ಸ್ವಧರ್ಮ. ಹಾರದಿದ್ದರೆ ತಪ್ಪು, ಹಾರಿದ್ದರಿಂದ ಇಂಥ ಫಲ. ಆದಿಕವಿಯ ದಶರಥನು ಶಬ್ದವನ್ನೇ ಗುರಿಯಾಗಿಟ್ಟು ಬಾಣವನ್ನು ಬಿಟ್ಟು, ಅರಿಯದೆ ಮುನಿಕುಮಾರನನ್ನು ಕೊಂದನು. ಆ ಕಥೆಯನ್ನು ಕೌಸಲ್ಯೆಗೆ ಹೇಳಿದುದು ತಾನು ಸಾಯುವ ರಾತ್ರಿಯಲ್ಲಿ. ರಾಜ್ಯವಾಳಿದವನಿಗೇ ಆ ಭಾರವು ಅಷ್ಟು ಕಾಲ ಇದ್ದಿತೆಂದ ಮೇಲೆ, ಹದಿನೇಳರ ಹುಡುಗನ ಪಾಡೇನು!

ಇಂಥ ದುಃಖವು ಆಟಗಾರನ ಕೌಶಲವನ್ನು ಯಾವ ಬಗೆಯಲ್ಲಿ ಕೆಡಿಸುವುದೆಂಬುದನ್ನು ಇಲ್ಲಿ ವಿಚಾರಿಸತಕ್ಕದ್ದು. ಗೋಲ್‌ಕೀಪರನ ಬಲವೆಲ್ಲ ಶಂಕೆಯಿಲ್ಲದ ನಿರ್ಧಾರದಲ್ಲಿದೆ. ಹೊರಗೆ ನುಗ್ಗಬೇಕೆ, ಗೆರೆಯ ಮೇಲೆಯೇ ನಿಲ್ಲಬೇಕೆ ಎಂಬುದನ್ನು ಅವನು ಕಣ್ಣೆವೆ ಇಕ್ಕುವಷ್ಟರಲ್ಲಿ ನಿಶ್ಚಯಿಸಬೇಕು. ಅಭ್ಯಾಸದಿಂದ ಕೈಕಾಲುಗಳಿಗೆ ಬಂದಿರುವ ಈ ತಿಳಿವಳಿಕೆಯ ನಡುವೆ ಹಳೆಯ ದಿನದ ನೆನಪೊಂದು ಬಂದು ನಿಂತಿತೆಂದರೆ, ಹೆಜ್ಜೆಯು ಅರೆಕ್ಷಣ ತಡೆಯುವುದು. ಆ ಅರೆಕ್ಷಣದಲ್ಲಿ ಚೆಂಡು ದಾಟಿಹೋಗುವುದು. ಮುಂದಾಳಿನ ಹತ್ತು ತಪ್ಪುಗಳನ್ನು ಒಂದು ಗೋಲು ಮರೆಸುವುದು. ಗೋಲ್‌ಕೀಪರನ ಒಂದು ತಪ್ಪನ್ನು ಹತ್ತು ರಕ್ಷಣೆಗಳೂ ಮರೆಸಲಾರವು. ನೋಡುವವರಿಗೆ ಕಾಣುವುದು ಗೋಲಿನ ಲೆಕ್ಕ, ದುಃಖದ ಲೆಕ್ಕವಲ್ಲ.

ದುಃಖದ ನಡುವೆಯೂ ಆಡಿ ಗೆದ್ದವರಿಲ್ಲವೆ ಎಂದು ಕೇಳಬಹುದು. ಇದ್ದಾರೆ. ಕ್ರಿಕೆಟ್ಟಿನಿಂದ ಒಂದು ನಿದರ್ಶನವನ್ನು ಕೊಡುವೆನು. ೨೦೦೬ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಮ್ಮ ಕರ್ನಾಟಕದ ಎದುರಿನ ರಣಜಿ ಪಂದ್ಯದ ನಡುವೆ ವಿರಾಟ್ ಕೊಹ್ಲಿಯ ತಂದೆಯು ರಾತ್ರಿಯಲ್ಲಿ ತೀರಿಕೊಂಡರು. ಬೆಳಗಾದ ಮೇಲೆ ಆ ಹದಿನೆಂಟರ ತರುಣನು ಮೈದಾನಕ್ಕಿಳಿದು ೯೦ ರನ್ನುಗಳನ್ನು ಮಾಡಿ, ಬಳಿಕ ತಂದೆಯ ಅಂತ್ಯಕ್ರಿಯೆಗೆ ತೆರಳಿದನು. ಅದನ್ನು ಲೋಕವು ಇಂದಿಗೂ ಕೊಂಡಾಡುತ್ತಿದೆ, ಕೊಂಡಾಡತಕ್ಕದ್ದೇ. ಆದರೆ ಒಬ್ಬನ ಧೈರ್ಯವನ್ನು ಎಲ್ಲರಿಗೂ ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ. ಜರ್ಮನಿಯ ಗೋಲ್‌ಕೀಪರ್ ರಾಬರ್ಟ್ ಎಂಕೆಯ ಚರಿತ್ರೆಯು ಇದಕ್ಕೆ ಸಾಕ್ಷಿ. ಬಾರ್ಸಿಲೋನಾ ತಂಡದಲ್ಲಿದ್ದಾಗ ೨೦೦೨ರಲ್ಲಿ ನೋವೆಲ್ಡಾ ಎಂಬ ಸಣ್ಣ ಊರಿನ ತಂಡಕ್ಕೆ ಸೋತ ಒಂದು ಪಂದ್ಯದಿಂದಲೇ ಆತನ ಹೆಸರು ಕೆಟ್ಟಿತು; ಸಹ ಆಟಗಾರನೇ ಬಹಿರಂಗವಾಗಿ ದೂಷಿಸಿದನು. ಹ್ಯಾನೋವರಿನಲ್ಲಿ ಕೀರ್ತಿಯನ್ನು ಮರಳಿ ಕಟ್ಟಿಕೊಳ್ಳುತ್ತಿರುವಾಗ, ೨೦೦೬ರಲ್ಲಿ, ಹೃದ್ರೋಗದಿಂದ ನರಳುತ್ತಿದ್ದ ಎರಡು ವರ್ಷದ ಮಗಳು ತೀರಿಕೊಂಡಳು. ಆತನು ಬೇಗನೆ ಆಟಕ್ಕೆ ಮರಳಿದನು; ಜರ್ಮನಿಯ ತಂಡದಲ್ಲಿಯೂ ಆಡಿದನು. ಆದರೆ ಮನೋವ್ಯಾಧಿಯನ್ನು ಹೊರಗೆ ತಿಳಿಯಗೊಡದೆ ಬಾಳಿ, ೨೦೦೯ರ ನವೆಂಬರ್ ೧೦ರಂದು ತನ್ನ ಪ್ರಾಣವನ್ನು ತಾನೇ ನೀಗಿದನು. ಆಟವು ಚೆನ್ನಾಗಿದ್ದ ಮಾತ್ರಕ್ಕೆ ಆಟಗಾರನು ಚೆನ್ನಾಗಿರುವನೆಂದು ಹೇಳುವಂತಿಲ್ಲ.

ಪಾಲನ ಚರಿತ್ರೆಯು ಬೇರೆ ದಾರಿ ಹಿಡಿದುದು ನಮ್ಮ ಭಾಗ್ಯ. ಆತನು ಆಟವನ್ನು ಬಿಡಲಿಲ್ಲ. ೨೦೦೭ರಲ್ಲಿ ನೆಹರೂ ಕಪ್ಪನ್ನು ಗೆದ್ದ ಭಾರತ ತಂಡದಲ್ಲಿದ್ದನು. ೨೦೦೯ರಲ್ಲಿ ಅದೇ ಕಪ್ಪಿನ ಅಂತಿಮ ಪಂದ್ಯವು ಸಿರಿಯಾದ ಎದುರು ಪೆನಾಲ್ಟಿ ಹೊಡೆತಗಳಿಗೆ ಬಂದು ನಿಂತಾಗ, ಹೊಡೆತಗಳನ್ನು ತಡೆದು ಗೆಲುವನ್ನು ತಂದುಕೊಟ್ಟವನು ಆತನೇ. ೨೦೧೧ರ ಜನವರಿಯಲ್ಲಿ ದೋಹಾ ನಗರದ ಏಷ್ಯಾ ಕಪ್ಪಿನಲ್ಲಿ ಭಾರತವು ಆಡಿದ ಮೂರು ಪಂದ್ಯಗಳನ್ನೂ ಸೋತಿತು. ಆದರೂ ದಕ್ಷಿಣ ಕೊರಿಯಾದ ಎದುರು ಆತನು ತಡೆದ ಚೆಂಡುಗಳನ್ನು ಕಂಡು ಎದುರಾಳಿಯ ನಾಡಿನವರೇ ಆತನನ್ನು ‘ಸ್ಪೈಡರ್‌ಮ್ಯಾನ್’ ಎಂದು ಕರೆದರು. ೨೦೧೬ರಲ್ಲಿ ಅರ್ಜುನ ಪ್ರಶಸ್ತಿಯು ಬಂದಿತು. ೨೦೨೩ರ ಡಿಸೆಂಬರಿನಲ್ಲಿ ಆಟದಿಂದ ನಿವೃತ್ತನಾದಾಗ, ಬೆಂಗಳೂರಿನ ಆ ದಿನಕ್ಕೆ ೧೯ ವರ್ಷಗಳು ತುಂಬಿದ್ದುವು. ಹೆಸರನ್ನು ಕಳೆಯಲು ಒಂದು ಕ್ಷಣ ಸಾಕಾಯಿತು. ಅದನ್ನು ಕಟ್ಟಲು ವರ್ಷಗಳು ಬೇಕಾದುವು.

ಈ ವಿಷಯವನ್ನು ಬರೆಯುವುದಕ್ಕೆ ನನಗೊಂದು ಸ್ವಂತ ಕಾರಣವೂ ಉಂಟು. ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ಕಬಡ್ಡಿಯಾಡುವಾಗ ಒಬ್ಬ ಹುಡುಗನ ಹಿಡಿತದಿಂದ ಇನ್ನೊಬ್ಬನ ತೋಳು ಮುರಿಯಿತು. ಪೆಟ್ಟಾದವನನ್ನು ಗಾಡಿಯಲ್ಲಿ ಮಲಗಿಸಿ ಕಳುಹಿಸಿದ ಮೇಲೆ, ಹಿಡಿದವನನ್ನು ಎಲ್ಲರೆದುರು ನಿಲ್ಲಿಸಿ ನಾನು ಬೈದೆನು. ತೋಳು ಎರಡು ತಿಂಗಳಲ್ಲಿ ಕೂಡಿತು. ಆ ಹುಡುಗನು ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಕುರಿ ಕಾಯುವ ಮನೆಯ ಮಗ. ಶಾಲೆಯಲ್ಲಿ ಅವನಿಗಿದ್ದ ಹೆಮ್ಮೆಯೆಲ್ಲ ಆ ಆಟವೊಂದೇ. ೨೦೦೪ರಲ್ಲಿ ಜೂನಿಯರನ ಮರಣವಾರ್ತೆಯನ್ನು ಪತ್ರಿಕೆಯಲ್ಲಿ ಓದಿದಾಗ, ನಾನು ಬೈದ ಮಾತುಗಳು ನನಗೇ ಕೇಳಿಬಂದುವು. ಪೆಟ್ಟು ತಿಂದವನ ನೋವು ನನಗೆ ಕಂಡಿತ್ತು. ಪೆಟ್ಟಿಗೆ ಕಾರಣನಾದವನ ನೋವು ಕಂಡಿರಲಿಲ್ಲ.

ಮಡಿದವನನ್ನು ಸ್ಮರಿಸುವುದು ಧರ್ಮ. ಆದರೆ ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತವನನ್ನು ಕೈಹಿಡಿದು ಮನೆಗೆ ಕರೆದೊಯ್ಯುವುದೂ ಧರ್ಮವೇ. ಊರಿನ ಆಟಗಳಲ್ಲಿ ಮಕ್ಕಳನ್ನು ನಡೆಸುವ ಹಿರಿಯರು ಈ ಎರಡನೆಯ ಧರ್ಮವನ್ನು ಮರೆಯದಿರಲಿ. ನಾನು ಮರೆತು ಪಶ್ಚಾತ್ತಾಪಪಟ್ಟವನು.