ಹಿಟ್ನಾಳದಲ್ಲಿ ಭೀಮವ್ವನ ಹೆಸರಿನ ಒಂದು ದಿನ

ಕುಷ್ಟಗಿ ಕಡೆಯಿಂದ ಹೊಸಪೇಟೆಗೆ ಹೋಗುವವರಿಗೆ ಹಿಟ್ನಾಳ ಎಂದರೆ ಟೋಲ್ ಗೇಟು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗಾಡಿ ನಿಧಾನ ಮಾಡುತ್ತಾರೆ, ದುಡ್ಡು ಕಟ್ಟುತ್ತಾರೆ, ಮುಂದೆ ಹೋಗುತ್ತಾರೆ. ಊರೊಳಗೆ ಬರುವವರು ಕಡಿಮೆ. ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮನ ದರ್ಶನಕ್ಕೆ ಹೋಗುವ ಜನ ಈ ದಾರಿಯನ್ನು ತುಂಬುತ್ತಾರೆ, ಅಷ್ಟೇ.

ಈ ಸೀಮೆಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಆಳಿದವರ ಲೆಕ್ಕದಲ್ಲೇ ಬರೆದಿದ್ದಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ; ಆಮೇಲೆ ವಿಜಯನಗರ, ಕಡೆಗೆ ನಿಜಾಮ. 1945ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಶುರುವಾದಾಗ ಎಡದಂಡೆ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸಿನದು. ನೀರು ನಿಂತಾಗ ಹೊಳೆದಂಡೆಯ ಎಷ್ಟೋ ಹಳ್ಳಿಗಳು ಮುಳುಗಿದವು, ಮುನಿರಾಬಾದಿನಿಂದ ಹೊರಟ ಕಾಲುವೆ ಗಂಗಾವತಿ ಕಡೆಯ ಹೊಲಗಳನ್ನು ಭತ್ತದ ಗದ್ದೆ ಮಾಡಿತು. 1948, 1956, 1997: ನಿಜಾಮನ ಆಳ್ವಿಕೆ ಮುಗಿದದ್ದು, ರಾಯಚೂರು ಜಿಲ್ಲೆ ಕನ್ನಡ ನಾಡಿಗೆ ಸೇರಿದ್ದು, ಕೊಪ್ಪಳವೇ ಜಿಲ್ಲೆಯಾದದ್ದು. ಇಷ್ಟೆಲ್ಲ ನಡೆಯುವಾಗ ರಾತ್ರಿ ಹೊತ್ತು ಊರ ಬಯಲಲ್ಲಿ ಕುಳಿತ ಜನ ಏನು ನೋಡುತ್ತಿದ್ದರು ಎಂದು ಯಾರೂ ಬರೆದಿಡಲಿಲ್ಲ.

ಅವರು ಗೊಂಬೆಯಾಟ ನೋಡುತ್ತಿದ್ದರು. ನಮ್ಮ ಕೊಪ್ಪಳ ತಾಲ್ಲೂಕಿನದೇ ಊರು ಮೊರನಾಳ. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96. ಹುಡುಗಿಯಾಗಿದ್ದಾಗಲೇ ತೊಗಲುಗೊಂಬೆ ಹಿಡಿದವರು, ರಾಮಾಯಣ ಮಹಾಭಾರತಗಳನ್ನು ಪರದೆಯ ಮೇಲೆ ನಡೆಸುತ್ತ ಹಲವು ದೇಶ ಸುತ್ತಿ ಬಂದವರು. ಸುದ್ದಿ ಬಂದ ದಿನ ಜಿಲ್ಲೆಗೆ ಜಿಲ್ಲೆಯೇ ಹಿಗ್ಗಿತು. ಹಾರ, ಶಾಲು, ಫೋಟೋ ಎಲ್ಲ ಆಯಿತು. ಆಗಬೇಕಾದದ್ದೇ. ಆದರೆ ಸನ್ಮಾನದ ವೇದಿಕೆಯ ಮೇಲೆ ಕುಳಿತ ಕಲಾವಿದೆಯಿಂದ ಒಂದು ಮಗುವೂ ಏನನ್ನೂ ಕಲಿಯಲಾರದು. ಅದಕ್ಕೇ ನನಗೊಂದು ಆಸೆ: ಅವರ ಹೆಸರಿನಲ್ಲಿ ವರ್ಷಕ್ಕೊಂದು ದಿನ ಹಿಟ್ನಾಳದ ಶಾಲೆಯ ಬಯಲಲ್ಲಿ ಕಲೆಯ ಕೆಲಸ ನಡೆಯಬೇಕು, ನೋಡುವವರ ಕೈಯಲ್ಲೇ ನಡೆಯಬೇಕು.

ತೊಗಲುಗೊಂಬೆಯಾಟ ಒಬ್ಬರಿಂದ ಆಗುವುದೇ ಅಲ್ಲ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿದು ಒಣಗಿಸಬೇಕು. ಬೆಳಕು ಹಾಯುವಷ್ಟು ತೆಳುವಾದ ಮೇಲೆ ಚಿತ್ರ ಬರೆದು, ಉಳಿಯಿಂದ ತೂತು ಕೊರೆದು, ಬಣ್ಣ ಕೊಡಬೇಕು. ಆ ತೂತುಗಳಲ್ಲೇ ಸೀತೆಯ ಒಡವೆ, ರಾವಣನ ಕಿರೀಟ ಮಿನುಗುವುದು. ಪರದೆಯ ಹಿಂದೆ ಮನೆಮಂದಿಯೆಲ್ಲ ಇರುತ್ತಾರೆ: ಒಬ್ಬರು ಗೊಂಬೆ ಆಡಿಸಿದರೆ ಇನ್ನೊಬ್ಬರು ತಾಳ ಹಾಕುತ್ತಾರೆ, ಹೆಂಗಸರು ಹಾಡುತ್ತಾರೆ. ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಊರ ಸುದ್ದಿಯನ್ನೇ ಎತ್ತಿ ನಗಿಸುತ್ತವೆ. ಮಳೆ ಕೈಕೊಟ್ಟ ವರ್ಷ ಊರವರೇ ಕರೆಸಿ ಆಟ ಆಡಿಸುತ್ತಿದ್ದರು. ಈ ವಿದ್ಯೆಗೆ ಇದ್ದ ಬಾಗಿಲು ಒಂದೇ, ಗೊಂಬೆ ಆಡಿಸುವ ಮನೆತನದಲ್ಲಿ ಹುಟ್ಟುವುದು. ಮನೆಯ ಮಕ್ಕಳು ಬೇರೆ ಕೆಲಸಕ್ಕೆ ಹೋದರೆ ಬಾಗಿಲು ಮುಚ್ಚಿತು. ಇನ್ನೊಂದು ಬಾಗಿಲು ತೆರೆಯಲೇಬೇಕು.

ಆ ದಿನ ಕಿನ್ನಾಳದ ಚಿತ್ರಗಾರರೂ ಬರಲಿ. ಅವರ ಮರದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಹಗುರ ಮರವನ್ನು ಕೆತ್ತಿ ಜೋಡಿಸಿ, ಗೋಣಿಯ ಚೂರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟದಿಂದ ಸಂದು ತುಂಬುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳನ್ನು ಬರೆದವರು ಇವರ ಹಿರೀಕರೇ ಎಂಬ ಮಾತು ಅವರಲ್ಲಿ ನಡೆದು ಬಂದಿದೆ. ಕಿಟ್ಟ ಕಲಸಲು ಮಕ್ಕಳಿಗೆ ಹೇಳಿಕೊಡಬೇಕಾದ್ದಿಲ್ಲ, ಬಿಟ್ಟರೆ ಸಾಕು.

ಮಧ್ಯಾಹ್ನ ಕವಿತೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ‘ಕಾವ್ಯಾನಂದ’ರಾಗಿ ನಾಡಿಗೆಲ್ಲ ಗೊತ್ತು. ಅವರ ಜಿಲ್ಲೆಯಲ್ಲಿ ಕವಿಗೋಷ್ಠಿಗೆ ಬರವಿಲ್ಲ. ಆದರೆ ಗೋಷ್ಠಿಯಲ್ಲಿ ಕವಿಗಳೇ ಕವಿಗಳಿಗೆ ಓದುತ್ತಾರೆ. ಇಲ್ಲಿ ಹಾಗಾಗಬಾರದು. ಬೀಸುವ ಹಾಡು, ಸೋಬಾನೆ ಬಲ್ಲ ಅವ್ವಂದಿರು ಮೊದಲು ಹಾಡಲಿ, ಹುಡುಗರು ಬರೆದುಕೊಳ್ಳಲಿ, ಆಮೇಲೆ ತಮ್ಮದನ್ನು ಕಟ್ಟಲಿ. ಭಾಷಣ ಎಷ್ಟು ಕಡಿಮೆಯಾದರೂ ನಡೆದೀತು. ಮಾತಾಡುವುದಿದ್ದರೆ ಅಣೆಕಟ್ಟಿಗೆ ಊರು ಬಿಟ್ಟು ಬಂದ ಮನೆಗಳ ಹಿರಿಯರು ಮಾತಾಡಲಿ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಜನವರಿ ಹೊತ್ತಿಗೆ ಮುಗಿಯುತ್ತದೆ. ಅದರ ನಂತರ, ಬಿಸಿಲು ಏರುವ ಮೊದಲು ದಿನ ಗೊತ್ತುಮಾಡುವುದು ಒಳ್ಳೆಯದು. ತೊಗಲು ಹದಕ್ಕೆ ಬರಲು ದಿನಗಳೇ ಬೇಕು, ಹಾಗಾಗಿ ಆ ಕೆಲಸ ಮೊರನಾಳದಲ್ಲಿ ಮುಂಚೆಯೇ ಶುರುವಾಗಬೇಕು. ಅದಕ್ಕೂ, ಕಲಿಸುವ ದಿನಕ್ಕೂ ಕಲಾವಿದರಿಗೆ ಕೂಲಿ ಕೊಡಬೇಕು, ಕೈಗೆ ಕೈಗೆ, ಅದೇ ದಿನ.