ಒಂಬತ್ತು ದೇಹಪ್ರಕೃತಿ, ಸೊರಗುವ ಸ್ನಾಯು

ಚೀನೀ ವೈದ್ಯದ ಪ್ರಕಾರ ಮನುಷ್ಯರ ದೇಹಪ್ರಕೃತಿ ಒಂಬತ್ತು ಬಗೆಯದು ಎಂಬ ಮಾತಿಗೆ ಸಾವಿರಾರು ವರ್ಷಗಳ ಪ್ರಾಚೀನತೆಯ ಗೌರವ ಸಲ್ಲುತ್ತಿದೆ. ವಾತ-ಪಿತ್ತ-ಕಫಗಳ ಪರಿಚಯವಿರುವ ನಮಗೆ ಅದನ್ನು ಒಪ್ಪುವುದು ಇನ್ನೂ ಸುಲಭ. ಆದರೆ ಈ ಪಟ್ಟಿ ನಮ್ಮ ಕಾಲದ್ದೇ. ಬೀಜಿಂಗ್‌ನ ವೈದ್ಯ ವಾಂಗ್ ಚೀ 1970ರ ದಶಕದಿಂದ ನಡೆಸಿಕೊಂಡು ಬಂದ ಅಧ್ಯಯನದಿಂದ ಅದು ರೂಪುಗೊಂಡಿತು. ಚೀನೀ ವೈದ್ಯಪದ್ಧತಿಯ ಸಂಘ ಅದನ್ನು ಅಧಿಕೃತ ಮಾನದಂಡವಾಗಿ ಹೊರಡಿಸಿದ್ದು 2009ರಲ್ಲಿ. ಸುಮಾರು ಎರಡು ಸಾವಿರ ವರ್ಷ ಹಳೆಯ ‘ಹುವಾಂಗ್‌ದಿ ನೇಯ್‌ಜಿಂಗ್’ ಗ್ರಂಥದಲ್ಲೂ ವಿಂಗಡಣೆಯಿದೆ, ನಿಜ. ಅಲ್ಲಿ ಒಂದು ಅಧ್ಯಾಯದಲ್ಲಿ ಐದು ಬಗೆ, ಇನ್ನೊಂದರಲ್ಲಿ ಇಪ್ಪತ್ತೈದು. ಕೊರಿಯಾದ ಲೀ ಜೆ-ಮಾ 1894ರಲ್ಲಿ ಮುಗಿಸಿದ ಗ್ರಂಥದಲ್ಲಿ ನಾಲ್ಕೇ.

ಮುಪ್ಪಿನಲ್ಲಿ ಮೈ ಸೊರಗುವುದನ್ನು ವಿವರಿಸುವಾಗ ಆ ಹಳೆಯ ಗ್ರಂಥ ಹಿಡಿದ ದಾರಿಯೇ ಬೇರೆ. ಅಲ್ಲಿ ಮುಖ್ಯವಾದದ್ದು ಪ್ರಕೃತಿಯಲ್ಲ, ವಯಸ್ಸು. ಗಂಡಸಿಗೆ ಎಂಟೆಂಟು ವರ್ಷದ ಲೆಕ್ಕ, ಹೆಂಗಸಿಗೆ ಏಳೇಳು. ಗಂಡಸಿಗೆ 40ಕ್ಕೆ ಮೂತ್ರಪಿಂಡದ ಚೈತನ್ಯ ಇಳಿಯತೊಡಗುತ್ತದೆ, 56ಕ್ಕೆ ಸ್ನಾಯುರಜ್ಜುಗಳು ಹೇಳಿದಂತೆ ಕೇಳುವುದಿಲ್ಲ. ಮತ್ತೊಂದು ಅಧ್ಯಾಯದಲ್ಲಿ 70ಕ್ಕೆ ಗುಲ್ಮ ಬಲಗುಂದುತ್ತದೆ. ಮಾಂಸಖಂಡವನ್ನು ಪೋಷಿಸುವುದು ಗುಲ್ಮ, ಅದರ ಕೆಲಸ ಉಂಡದ್ದನ್ನು ಮೈಗೆ ಹಿಡಿಸುವುದು ಎಂಬುದು ಆ ವೈದ್ಯದ ತಳಹದಿ. ಅಂಗದ ವಿವರಣೆಯನ್ನು ಇಂದು ಒಪ್ಪಲಾಗದು. ಆದರೆ ಕೈಕಾಲು ಬತ್ತುವುದಕ್ಕೂ ಊಟಕ್ಕೂ ನಂಟು ಕಂಡ ಆ ಕಣ್ಣು ಚುರುಕಾದದ್ದು. ಆಧುನಿಕ ವೈದ್ಯದಲ್ಲಿ ಸಂಶೋಧಕ ಇರ್ವಿನ್ ರೋಸೆನ್‌ಬರ್ಗ್ ಮುಪ್ಪಿನ ಈ ಸ್ನಾಯುನಷ್ಟಕ್ಕೆ ‘ಸಾರ್ಕೋಪೀನಿಯ’ ಎಂಬ ಹೆಸರು ಸೂಚಿಸಿದ್ದು 1980ರ ದಶಕದ ಕೊನೆಗೆ.

ಈಗ ಒಂಬತ್ತು ಪ್ರಕೃತಿಗಳನ್ನೂ ಸಾರ್ಕೋಪೀನಿಯವನ್ನೂ ಬೆಸೆಯುವ ಪ್ರಯತ್ನ ನಡೆದಿದೆ. ‘ಚೀ ಕೊರತೆ’ಯ, ಅಂದರೆ ಚೈತನ್ಯ ಕುಂದಿದ ಪ್ರಕೃತಿಯವರಲ್ಲಿ ಸ್ನಾಯುನಷ್ಟ ಹೆಚ್ಚು, ಆದ್ದರಿಂದ ವರ್ಗೀಕರಣ ಸರಿ ಎಂಬ ವಾದ ಕೇಳಿಬರುತ್ತದೆ. ಆದರೆ ಆ ಪ್ರಕೃತಿಯನ್ನು ಗುರುತಿಸುವ ಪ್ರಶ್ನೆಗಳೇ ಬೇಗ ದಣಿವಾಗುತ್ತದೆಯೇ, ಏದುಸಿರು ಬರುತ್ತದೆಯೇ ಎಂಬಂಥವು. ಸ್ನಾಯು ಕರಗಿದವರು ಹೌದೆನ್ನದೆ ಇರುವುದು ಹೇಗೆ? ಅಂಥ ಹೊಂದಾಣಿಕೆ ಕಾರಣವನ್ನು ತೋರಿಸುವುದಿಲ್ಲ, ಒಂದೇ ಲಕ್ಷಣವನ್ನು ಎರಡು ಸಲ ಎಣಿಸುತ್ತದೆ. ಹಳ್ಳಿಯ ಚಿಕಿತ್ಸಾಲಯದಲ್ಲಿ ಸ್ನಾಯು ಅಳೆಯುವ ಸ್ಕ್ಯಾನ್ ಯಂತ್ರವಿಲ್ಲ, ಪ್ರಶ್ನಾವಳಿಯಾದರೂ ಇರಲಿ ಎಂಬ ಆಕ್ಷೇಪ ಆ ವಾದಕ್ಕಿಂತ ಗಟ್ಟಿಯಾದದ್ದು. 65 ದಾಟಿದವರ ಪ್ರಕೃತಿಪರೀಕ್ಷೆಯನ್ನು ಚೀನಾ 2013ರಲ್ಲಿ ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿಸಿದ್ದರಿಂದ ಹಿರಿಯರನ್ನು ಕೂರಿಸಿ ವಿಚಾರಿಸುವ ಪದ್ಧತಿಯೊಂದು ಬೆಳೆಯಿತು. ಅದು ಸಣ್ಣ ಲಾಭವಲ್ಲ. ಆದರೂ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸಾರ್ಕೋಪೀನಿಯಕ್ಕೆ ಸೂಚಿಸಿದ ಮೊದಲ ಹಂತದ ಪರೀಕ್ಷೆಗೆ ಸ್ಕ್ಯಾನ್ ಬೇಕಿಲ್ಲ. ಮೀನಖಂಡದ ಸುತ್ತಳತೆಗೆ ಟೇಪು ಸಾಕು. ಹಿಡಿತದ ಬಲ ಅಳೆಯಲು ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ ಸಾಕು. ಗಂಡಸಿನ ಹಿಡಿತ 28 ಕಿಲೋಗಿಂತ, ಹೆಂಗಸಿನದು 18 ಕಿಲೋಗಿಂತ ಕಡಿಮೆಯಿದ್ದರೆ ಎಚ್ಚರವಾಗಬೇಕು. ದಣಿವಿಲ್ಲ, ನಿದ್ದೆ ಚೆನ್ನಾಗಿದೆ ಎಂದು ಉತ್ತರಿಸಿ ‘ಸಮ ಪ್ರಕೃತಿ’ ಎನಿಸಿಕೊಂಡ ಮುದುಕನ ಹಿಡಿತ 24 ಕಿಲೋ ಇದ್ದರೆ, ಅದನ್ನು ಆ ಪ್ರಶ್ನಾವಳಿ ಹೇಳಲಾರದು.