ಕಲ್ಲಿನ ರಥಕ್ಕೆ ಶಿಖರವಿದ್ದಾಗ

ಹಂಪಿಗೆ ಹೋಗದವರೂ ಅಲ್ಲಿನ ಕಲ್ಲಿನ ರಥದ ಚಿತ್ರ ನೋಡಿರುತ್ತಾರೆ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲೂ ಅದೇ ಇದೆ. ಆದರೆ ನಾವು ನೋಡುತ್ತಿರುವುದು ಪೂರ್ತಿ ರಥವಲ್ಲ. ಅದರ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು 1856ರ ಒಂದು ಛಾಯಾಚಿತ್ರ.

ತೆಗೆದವನು ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಾಯಿಸಿದ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ, ಕ್ಯಾಮೆರಾದೊಳಗಿಟ್ಟು, ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕಿತ್ತು. ನೆಗೆಟಿವ್‌ನಷ್ಟೇ ಗಾತ್ರದ ಚಿತ್ರ ಮೂಡುತ್ತಿದ್ದುದರಿಂದ ದೊಡ್ಡ ಚಿತ್ರಕ್ಕೆ ದೊಡ್ಡ ಕ್ಯಾಮೆರಾವೇ ಬೇಕು. ಇಂಥ ಸರಂಜಾಮು ಹೊತ್ತು ಹೋದವನು ಕಂಡಕಂಡಲ್ಲಿ ಚಿತ್ರ ತೆಗೆಯಲಾರ. ಎಲ್ಲಿ ನಿಂತರೆ ಕಟ್ಟಡದ ಎರಡು ಮುಖಗಳು ಒಟ್ಟಿಗೆ ಕಾಣುತ್ತವೆ, ಯಾವ ಹೊತ್ತಿನ ಓರೆ ಬಿಸಿಲಿಗೆ ಕಂಬದ ಕೆತ್ತನೆ ಎದ್ದು ಕಾಣುತ್ತದೆ ಎಂದು ಮೊದಲೇ ನಿರ್ಧರಿಸಬೇಕು. ನಡುಮಧ್ಯಾಹ್ನದಲ್ಲಿ ಎಂಥ ಕೆತ್ತನೆಯೂ ಸಪ್ಪೆಯೇ.

ಗ್ರೀನ್‌ಲಾ ತೆಗೆದ 60ಕ್ಕೂ ಹೆಚ್ಚು ನೆಗೆಟಿವ್‌ಗಳು ಬಹುಕಾಲ ಇಂಗ್ಲೆಂಡಿನ ಖಾಸಗಿ ಸಂಗ್ರಹದಲ್ಲಿ ಅಜ್ಞಾತವಾಗಿದ್ದು, 1980ರ ಸುಮಾರಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವನು ನಿಂತಿದ್ದ ಜಾಗಗಳಲ್ಲೇ ನಿಂತು ಅವೇ ಚಿತ್ರಗಳನ್ನು ಮತ್ತೆ ತೆಗೆದರು. ಆ ಜಾಗ ಹುಡುಕುವುದು ಒಂದು ಬಗೆಯ ಲೆಕ್ಕಾಚಾರ. ಹತ್ತಿರದ ಕಂಬದ ಅಂಚು ದೂರದ ಬಂಡೆಗೆ ಎಲ್ಲಿ ತಾಗುತ್ತದೆಂದು ಹಳೆಯ ಚಿತ್ರದಲ್ಲಿ ನೋಡಬೇಕು. ಒಂದು ಹೆಜ್ಜೆ ಬಲಕ್ಕೆ ಸರಿದರೆ ಆ ಹೊಂದಿಕೆ ತಪ್ಪುತ್ತದೆ. ಮುಂದೆ ಹೋದರೆ ಕಂಬ ಹಿಗ್ಗುತ್ತದೆ, ಬಂಡೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎರಡೂ ಚಿತ್ರ ಒಂದೇ ಕಡೆಯಿಂದ ತೆಗೆದವಾದರೆ ಮಾತ್ರ ವ್ಯತ್ಯಾಸಕ್ಕೆ ಕಾರಣ ಕಟ್ಟಡವೇ ಹೊರತು ಕ್ಯಾಮೆರಾ ಅಲ್ಲ ಎನ್ನಬಹುದು.

ಹೀಗೆ ಜೋಡಿಸಿಟ್ಟಾಗ ವಿಠ್ಠಲ ದೇವಾಲಯದ ಅಂಗಳದಲ್ಲಿ ಕಾಣುವ ವ್ಯತ್ಯಾಸವೇ ಶಿಖರ. ಗ್ರೀನ್‌ಲಾನ ಚಿತ್ರದಲ್ಲಿ ಅದಿದೆ, ಗೋಲಿಂಗ್ಸ್ ಅವರದರಲ್ಲಿ ಇಲ್ಲ. ಇಂದಿನ ಪ್ರವಾಸಿಗರಂತೆ ಆತನೂ ಚಕ್ರ, ಆನೆಗಳನ್ನಷ್ಟೇ ಚೌಕಟ್ಟಿಗೆ ತುಂಬಿಕೊಂಡಿದ್ದರೆ ನಮಗೆ ಈ ಸಾಕ್ಷ್ಯ ದಕ್ಕುತ್ತಿರಲಿಲ್ಲ. ಆತ ಸುತ್ತ ಜಾಗ ಬಿಟ್ಟು ತೆಗೆದ. ಕಲಾವಿದನ ಕಣ್ಣು ಇಲ್ಲಿ ಶಾಸನದ ಕೆಲಸ ಮಾಡಿದೆ ಎಂದೇ ನನ್ನ ಎಣಿಕೆ.

ಅಷ್ಟಕ್ಕೂ ಅದು ಎಳೆಯುವ ತೇರಲ್ಲ, ವಿಠ್ಠಲನೆದುರಿನ ಗರುಡನ ಗುಡಿ. ಗುಡಿಯೆಂದ ಮೇಲೆ ಶಿಖರವಿರಲೇಬೇಕು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆ: ಹಂಪಿಯ ಗೋಪುರಗಳನ್ನು ಕಟ್ಟಿದ್ದೂ ಹೀಗೆಯೇ.